ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ: ಪೆಟ್ರೋಲ್ ಉಳಿಸಿ, ಗಾಡಿ ಓಡಿಸಿ

ಪೆಟ್ರೋಲ್ ರೇಟ್ ನೋಡಿ ಗಾಡಿಗೆ ಕವರ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಇಂಧನಕ್ಕಿಂತ ರಿಪೇರಿಯೇ ದುಬಾರಿಯಾದೀತು.

ಮೊದಲು ಬ್ರೇಕ್. ಜಾಕ್ ಹಾಕಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿಯಿದ್ದರೆ ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ಉಜ್ಜುತ್ತಿದೆ, ಪೆಟ್ರೋಲ್ ದಂಡ. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಶೂ ತಳ್ಳುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಕೂರುವುದು ಮಾಮೂಲು.

ಹತ್ತು ಕಿ.ಮೀ. ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಆದರೆ ಕಾರ್ಬ್ಯುರೇಟರಿನ ಜೆಟ್‌ಗೆ (ಪೆಟ್ರೋಲ್ ಬರುವ ಸಣ್ಣ ತೂತು) ಆಗಲೇ ಕೈ ಹಾಕಬೇಡಿ: ಚೋಕ್ ಪೂರ್ತಿ ವಾಪಸ್ ಬರುತ್ತಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ, ಕಾರ್ಬ್ಯುರೇಟರಿಗೆ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸೋರುತ್ತಿದೆಯಾ ನೋಡಿ. ಟ್ಯೂನಿಂಗ್ ಊರಲ್ಲೇ ಆಗಲಿ. ಮುಳ್ಳಯ್ಯನಗಿರಿ ಹತ್ತಿದರೆ ಗಾಳಿ ತೆಳು, ಅಲ್ಲಿ ಮಿಶ್ರಣ ತಾನಾಗಿಯೇ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ. ಮೇಲೆ ನಿಂತು ಸ್ಕ್ರೂ ತಿರುಗಿಸಿದರೆ ಕೆಳಗೆ ಬಂದಾಗ ಲೀನ್ (ಪೆಟ್ರೋಲ್ ಕಡಿಮೆ) ಆಗಿ ಎಂಜಿನ್ ಕಾಯುತ್ತದೆ.

ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್. ಹಳೇ ರಬ್ಬರ್ ಹೋಸ್ ಉಬ್ಬಿ, ಬಿರಿದು ಸೋರುತ್ತದೆ. ಬಿಸಿ ಎಂಜಿನ್ ಪಕ್ಕ ಅದು ಬೆಂಕಿಗೆ ದಾರಿ. ಎಥನಾಲ್ ತಡೆಯುವ ಹೋಸ್ ಹಾಕಿಸಿ.

ಹಾಸನ–ಬೇಲೂರು–ಚಿಕ್ಕಮಗಳೂರು ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಗಂಟೆಗೆ 50 ಕಿ.ಮೀ. ಆಸುಪಾಸು ಹೋಗಿ. ಬೆಳಗ್ಗೆ ಬೇಗ ಹೊರಟರೆ ಟ್ರಾಫಿಕ್ಕೂ ಕಡಿಮೆ. ಚಾರ್ಮಾಡಿ ಘಾಟಿ ಇಳಿಯುವಾಗ ಮಾತ್ರ ಜಿಪುಣತನ ಬೇಡ. ನ್ಯೂಟ್ರಲ್ ಹಾಕಿದರೆ ಡ್ರಮ್ ಬ್ರೇಕ್ ಕಾದು ಹಿಡಿಯುವುದಿಲ್ಲ. ಎರಡನೇ ಗೇರ್‌ನಲ್ಲೇ ಇಳಿಸಿ.