760 ನಮ್ಮೂರಿನ ಒತ್ತಡವಲ್ಲ: ಅನಿಲದ ಲೆಕ್ಕ ಕಲಿಸಿದ ನನ್ನ ಅನುಭವ

ಈ ಸಲದ ಪ್ರಥಮ ಪಿಯುಸಿ ಬ್ಯಾಚಿನಲ್ಲಿ 34 ಮಕ್ಕಳು. ಅನಿಲಗಳ ಮೇಲೆ ಕೊಟ್ಟ ಹತ್ತು ಲೆಕ್ಕಗಳಲ್ಲಿ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಜನ ಎಂಟಕ್ಕಿಂತ ಹೆಚ್ಚು ಸರಿ ಮಾಡಿದರು. ನಾಲ್ಕು ವರ್ಷದ ಹಿಂದೆ ಹೆಚ್ಚುಕಮ್ಮಿ ಇದೇ ಟೆಸ್ಟಿನಲ್ಲಿ ಅರ್ಧ ಕ್ಲಾಸು ಮೂರು ದಾಟಿರಲಿಲ್ಲ. "ಇವರ ಹತ್ರ ಹೋದ್ರೆ ಮಕ್ಕಳು ಸೂತ್ರಾನೇ ಮರೀತಾರೆ" ಎಂದು ಚಿಕ್ಕಬಳ್ಳಾಪುರದಲ್ಲಿ ಹೇಳಿಕೊಂಡು ತಿರುಗಿದವರಲ್ಲಿ ಇಬ್ಬರು ಈಗ ತಮ್ಮ ಮಕ್ಕಳನ್ನೇ ನನ್ನ ಟ್ಯೂಷನ್‌ಗೆ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಪಿವಿ-ಎನ್‌ಆರ್‌ಟಿ ಸಮೀಕರಣ (ಅನಿಲದ ಒತ್ತಡ, ಗಾತ್ರ, ಮೋಲ್ ಸಂಖ್ಯೆ, ತಾಪಗಳನ್ನು ಜೋಡಿಸುವ PV = nRT) ನಮ್ಮಲ್ಲಿ ಕೊನೆಗೆ ಬರುತ್ತದೆ. ಮೊದಲು ಪುಟದ ನಡುವೆ ಒಂದು ಗೆರೆ. ಎಡಕ್ಕೆ 'ಮುಂಚೆ', ಬಲಕ್ಕೆ 'ಆಮೇಲೆ'. ಸೆಲ್ಸಿಯಸ್‌ಗೆ 273 ಸೇರಿಸಿ ಕೆಲ್ವಿನ್ ಮಾಡದೆ, ಗೇಜ್ ತೋರಿಸುವ ಒತ್ತಡಕ್ಕೆ ಹೊರಗಿನ ಗಾಳಿಯ ಒತ್ತಡ ಸೇರಿಸದೆ ಯಾವ ಸಂಖ್ಯೆಯೂ ಕಾಲಂಗೆ ಇಳಿಯಬಾರದು. ಆಮೇಲೆ ಪ್ರತಿಯೊಂದು ಬದಲಾವಣೆಗೂ ಒಂದೇ ಪ್ರಶ್ನೆ: ಇದರಿಂದ ಒತ್ತಡ ಏರುತ್ತೋ, ಇಳಿಯುತ್ತೋ? ಏರಿದರೆ ದೊಡ್ಡ ಸಂಖ್ಯೆ ಮೇಲೆ, ಇಳಿದರೆ ಕೆಳಗೆ. 1 ಅಟ್ಮಾಸ್ಫಿಯರ್‌ನಲ್ಲಿರುವ 2 ಲೀಟರ್ ಅನಿಲ 27 ಡಿಗ್ರಿಯಿಂದ 127ಕ್ಕೆ ಕಾದು 4 ಲೀಟರ್ ಆಯಿತು ಅನ್ನಿ. ಕಾದಿದ್ದಕ್ಕೆ 400/300, ಹಿಗ್ಗಿದ್ದಕ್ಕೆ 2/4. ಒತ್ತಡ ಮೂರರಲ್ಲಿ ಎರಡು ಪಾಲು. ಬಾಯಲ್ಲೇ ಮುಗಿಯಿತು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬೋರ್ಡ್ ಪರೀಕ್ಷೆಗೆ ಸೂತ್ರದ ಸಾಲು ಮೇಲೆ ಬರೆಸುತ್ತೇನೆ, ಹತ್ತು ಸೆಕೆಂಡಿನ ಕೆಲಸ.

ಆದರೆ ಇದನ್ನು ಶುರು ಮಾಡಿದ ವರ್ಷ ಪೆಟ್ಟು ಬಿತ್ತು. 26 ಮಕ್ಕಳಿದ್ದ ಬ್ಯಾಚು ದಸರಾ ಹೊತ್ತಿಗೆ ಹನ್ನೊಂದಕ್ಕೆ ಇಳಿಯಿತು. ತಲಾ ಏಳು ಸಾವಿರದ ಲೆಕ್ಕದಲ್ಲಿ ಒಂದು ಲಕ್ಷದ ಹತ್ತಿರ ಹೋಯಿತು. ರೂಮಿನ ಬಾಡಿಗೆ ತಿಂಗಳಿಗೆ ನಾಲ್ಕೂವರೆ ಸಾವಿರ. ಮನೆಯವಳು ಚೀಟಿ ಎತ್ತಿ ಕೊಟ್ಟ ದುಡ್ಡಿನಲ್ಲಿ ನಾಲ್ಕು ತಿಂಗಳು ಕಟ್ಟಿದೆ.

ಅದೇ ಸಮಯದಲ್ಲಿ ಹೈಡ್ರೋಜನ್ ಪ್ರಯೋಗ ಕೈಕೊಟ್ಟಿತು. ಮೆಗ್ನೀಷಿಯಂ ರಿಬ್ಬನ್ ಒಂದು ಮೀಟರ್ ಅಳೆದು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದೆ, 0.96 ಗ್ರಾಂ ಬಂತು. ಎರಡೂವರೆ ಸೆಂಟಿಮೀಟರ್ ಕತ್ತರಿಸಿದರೆ 0.024 ಗ್ರಾಂ, ಅಂದರೆ ಒಂದು ಮಿಲಿಮೋಲ್ (ಮೋಲ್‌ನ ಸಾವಿರದಲ್ಲೊಂದು ಪಾಲು). ಆಮ್ಲಕ್ಕೆ ಹಾಕಿ, ನೀರಿನ ಮೇಲೆ ಬೋರಲು ಹಾಕಿದ 50 ಮಿಲಿ ಸಿಲಿಂಡರಿನಲ್ಲಿ ಅನಿಲ ಹಿಡಿದೆವು. ಮಕ್ಕಳು 27 ಡಿಗ್ರಿಗೆ, ಸಮುದ್ರಮಟ್ಟದ ಒತ್ತಡವಾದ ಪಾದರಸದ 760 ಮಿಮೀಗೆ ಲೆಕ್ಕ ಹಾಕಿ 24.6 ಮಿಲಿ ಬರಬೇಕು ಅಂದಿದ್ದರು. ಅನಿಲದ ಜೊತೆ ಸೇರುವ ನೀರಾವಿಯ ಒತ್ತಡ 27 ಮಿಮೀ ಕಳೆದರೆ 25.5. ಬಂದಿದ್ದು 28ರ ಮೇಲೆ. ಮತ್ತೆ ಮಾಡಿದೆವು, 29ರ ಹತ್ತಿರ. ಹತ್ತು ಹನ್ನೆರಡು ಸಲ ಮಾಡಿರಬೇಕು, ಎರಡು ಸಿಲಿಂಡರ್ ಒಡೆದವು, ಎಂಟುನೂರು ರೂಪಾಯಿ ನೀರಿಗೆ ಬಿತ್ತು. ಒಬ್ಬ ಹಿರಿಯ ಮೇಷ್ಟ್ರು ಬಂದು ನೋಡಿ, "ತೂಕ ತಪ್ಪಿದೆ ಬಿಡಿ ಸಾರ್, ಚಿನ್ನದಂಗಡೀಲಿ ಕೆಮಿಸ್ಟ್ರಿ ಮಾಡಕ್ಕಾಗುತ್ತಾ" ಅಂದರು. ಒಳಗೂ ಹೊರಗೂ ನೀರಿನ ಮಟ್ಟ ಸರಿಮಾಡದ ತಪ್ಪು ಇತ್ತು, ನಿಜ. ಆದರೆ 13.6 ಸೆಂಟಿಮೀಟರ್ ನೀರು ಅಂದರೆ ಪಾದರಸದ ಒಂದೇ ಸೆಂಟಿಮೀಟರ್. ಮೂರು ಮಿಲಿ ಅದರಿಂದ ಬರುವುದಿಲ್ಲ.

ಹವಾಮಾನದ ಆ್ಯಪ್ ನೋಡಿದೆ. ಒತ್ತಡ 1011 ಹೆಕ್ಟೊಪ್ಯಾಸ್ಕಲ್ ಅಂತಿತ್ತು, 760ಕ್ಕೆ ಹತ್ತಿರವೇ. ಅದನ್ನು ನಂಬಿ ಎರಡು ತಿಂಗಳು ಕಳೆದೆ. ಕೊನೆಗೆ ಶಿಡ್ಲಘಟ್ಟದಿಂದ ಬರುವ ಹುಡುಗನೊಬ್ಬ, ಅವನ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ, ತನ್ನ ಅಣ್ಣನ ಫೋನ್ ತಂದ. ಅದರಲ್ಲಿ ಒತ್ತಡ ಅಳೆಯುವ ಸೆನ್ಸರ್ ಇತ್ತು. "ಸಾರ್, ಇದರಲ್ಲಿ 910 ತೋರಿಸ್ತೈತೆ, ಕೆಟ್ಟೋಗೈತೇನೋ." ಕೆಟ್ಟಿರಲಿಲ್ಲ. ಆ್ಯಪ್‌ಗಳು ಕೊಡುವುದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಸಂಖ್ಯೆ. ನಾವಿರುವುದು ಒಂಬೈನೂರು ಮೀಟರ್ ಮೇಲೆ. 910 ಅಂದರೆ ಪಾದರಸದಲ್ಲಿ ಸುಮಾರು 682 ಮಿಮೀ. ನೀರಾವಿಯ 27 ಕಳೆದರೆ 655. ಕಾಲಂನಲ್ಲಿ ಹಾಕಿ: 0 ಡಿಗ್ರಿ, 760 ಮಿಮೀಯಲ್ಲಿ ಒಂದು ಮಿಲಿಮೋಲ್ ಅನಿಲದ ಗಾತ್ರ 22.4 ಮಿಲಿ, ಅದಕ್ಕೆ 300/273, ಮತ್ತೆ 760/655. ಬಂತು ಇಪ್ಪತ್ತೆಂಟೂವರೆ ಮಿಲಿ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಳತೆ ಮೊದಲಿನಿಂದಲೂ ಸರಿಯಿತ್ತು. ಆ ಹಿರಿಯರನ್ನು ಕರೆದು ಮುಂದೆಯೇ ಮಾಡಿ ತೋರಿಸಿದೆ. ಏನೂ ಮಾತಾಡಲಿಲ್ಲ, ಕಾಫಿ ಕುಡಿದು ಹೋದರು.

ಅಲ್ಲಿಂದ ಮಕ್ಕಳಿಗೆ ಒತ್ತಡ ಅಂದರೆ ಪುಸ್ತಕದ ಸಂಖ್ಯೆಯಾಗಿ ಉಳಿಯಲಿಲ್ಲ. ಬಿ.ಬಿ. ರಸ್ತೆಯ ಪಂಚರ್ ಅಂಗಡಿಯಲ್ಲಿ ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಬೆಳಿಗ್ಗೆ 27 ಡಿಗ್ರಿ ಇದ್ದಾಗ 30 ಪಿಎಸ್‌ಐ ಹಿಡಿಸಿದೆ. ಗೌರಿಬಿದನೂರಿಗೆ ಹೋಗಿ ಬಂದ ಮೇಲೆ 33. ಒಳಗಿನ ಗಾಳಿ ಎಷ್ಟು ಬಿಸಿ? ಗೇಜಿನ ಸಂಖ್ಯೆಯನ್ನೇ ಹಾಕಿದವರಿಗೆ 57 ಡಿಗ್ರಿ ಬಂತು. ನಮ್ಮೂರಿನ ಗಾಳಿಯ ಒತ್ತಡ 13.2 ಸೇರಿಸಿದವರಿಗೆ 43.2 ಮತ್ತು 46.2, ಉತ್ತರ 48ರ ಹತ್ತಿರ. ಕೊರೋನಾ ಕಾಲದ ಹಣೆಯ ಥರ್ಮಾಮೀಟರ್ ಹಿಡಿದರೆ 'ಹೈ' ಎಂದಷ್ಟೇ ತೋರಿಸಿತು. ಒಂಬೈನೂರು ಕೊಟ್ಟು ಬೇರೆ ಥರ್ಮಾಮೀಟರ್ ಗನ್ ತರಿಸಿ ಇನ್ನೊಂದು ದಿನ ಇದೇ ಓಟ ಮಾಡಿದೆ. ಟೈರಿನ ಮೇಲೆ ನಲವತ್ತೇಳು ಚಿಲ್ಲರೆ ಬಂತು.

ಪರೀಕ್ಷೆಯಲ್ಲಿ ಮಾತ್ರ ಪ್ರಶ್ನೆಯಲ್ಲಿ ಕೊಟ್ಟ ಒತ್ತಡವೇ ಒತ್ತಡ. ಅಲ್ಲಿ ನಮ್ಮೂರನ್ನು ತರಬಾರದು ಎಂದು ಮೊದಲ ವಾರವೇ ಹೇಳಿಬಿಡಿ. ಇಬ್ಬರು ಹುಡುಗಿಯರು 682 ಹಾಕಿ ಮಾರ್ಕ್ಸ್ ಕಳೆದುಕೊಂಡರು, ಆ ತಪ್ಪು ನನ್ನದು. ಇನ್ನೊಂದು ಹಳ್ಳ, ಒಂದು ಮೋಲ್ ಅನಿಲದ ಗಾತ್ರ 22.4 ಲೀಟರೋ 22.7 ಲೀಟರೋ ಎಂಬುದು. ರಸಾಯನದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ 1982ರಲ್ಲಿ ಪ್ರಮಾಣಿತ ಸ್ಥಿತಿಯ, ಅಂದರೆ ಎಸ್‌ಟಿಪಿ ಒತ್ತಡವನ್ನು 1 ಬಾರ್‌ಗೆ ಬದಲಿಸಿದರೂ ಹಳೆಯ ಪ್ರಶ್ನೆಗಳು ಹಾಗೇ ಓಡಾಡುತ್ತಿವೆ. ಉತ್ತರದ ಆಯ್ಕೆಗಳನ್ನು ನೋಡಿ ಯಾವುದು ಬೇಕು ಎಂದು ಗುರುತಿಸುವುದನ್ನೂ ಕಲಿಸುತ್ತೇನೆ.

ದ್ರವ್ಯದ ಸ್ಥಿತಿಗಳ ಪಾಠವನ್ನೇ ರಸಾಯನದ ಪಠ್ಯದಿಂದ ತೆಗೆದ ಮೇಲೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ಸಮತೋಲನದ ಪಾಠದಲ್ಲಿ ಕೆಪಿ (ಒತ್ತಡದಲ್ಲಿ ಹೇಳುವ ಸಮತೋಲನ ಸ್ಥಿರಾಂಕ) ಬಂದಾಗ ಆಂಶಿಕ ಒತ್ತಡ, ಅಂದರೆ ಮಿಶ್ರಣದಲ್ಲಿ ಒಂದೊಂದು ಅನಿಲದ ಪಾಲಿನ ಒತ್ತಡ, ಬೇಕೇ ಬೇಕು, ಭೌತದಲ್ಲಿ ಅನಿಲಗಳ ಪಾಠ ಇದ್ದೇ ಇದೆ. ಕಾಲಂ ಪದ್ಧತಿ ಸೋಲುವ ಜಾಗವೂ ಒಂದಿದೆ: ಅಡುಗೆ ಅನಿಲದ 14.2 ಕೆಜಿ ಸಿಲಿಂಡರ್. ಒಳಗೆ ದ್ರವ ಇರುವವರೆಗೆ, ತಾಪ ಬದಲಾಗದಿದ್ದರೆ, ಅರ್ಧ ಖರ್ಚಾದರೂ ಒತ್ತಡ ಅರ್ಧವಾಗುವುದಿಲ್ಲ. ಇದನ್ನು ಪ್ರತಿ ಬ್ಯಾಚಿಗೂ ಬೇಕೆಂದೇ ಕೊಟ್ಟು ಎಡವಿಸುತ್ತೇನೆ.

ಕೊಳವೆಯಿಂದ ಜೋಡಿಸಿದ ಎರಡು ಬಲ್ಬುಗಳಲ್ಲಿ ಒಂದನ್ನು ಮಾತ್ರ ಕಾಯಿಸುವ ಲೆಕ್ಕಕ್ಕೆ ಮೂರನೆಯದೊಂದು ಕಾಲಂ ಹಾಕಿಸುತ್ತೇನೆ. ಅದು ಹೇಗೆಂದು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.

ಇನ್ನೂ ಕೈಗೂಡದೆ ಉಳಿದಿರುವುದು ನಂದಿಬೆಟ್ಟದ ಪ್ರಯೋಗ. 10 ಮಿಲಿ ಸಿರಿಂಜಿಗೆ ಗಾಳಿ ತುಂಬಿ, ಮೂತಿ ಮುಚ್ಚಿ 1478 ಮೀಟರ್ ಎತ್ತರದ ತುದಿಗೆ ಒಯ್ದೆವು. ಫೋನಿನಲ್ಲಿ ಒತ್ತಡ 850ರ ಆಸುಪಾಸಿಗೆ ಇಳಿದಿತ್ತು, ಪಿಸ್ಟನ್ ಅರ್ಧ ಮಿಲಿಯಾದರೂ ಸರಿಯಬೇಕಿತ್ತು. ಕೂದಲೆಳೆಯಷ್ಟೂ ಕದಲಲಿಲ್ಲ. ಒತ್ತಡದ ವ್ಯತ್ಯಾಸದಿಂದ ಬರುವ ಬಲ ನೂರಿಪ್ಪತ್ತು ಗ್ರಾಂ ತೂಕದಷ್ಟು, ರಬ್ಬರಿನ ಹಿಡಿತ ಅದಕ್ಕಿಂತ ಜಾಸ್ತಿ. ಜಾರಲಿ ಎಂದು ಕೊಬ್ಬರಿ ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಪೂರಾ ಕಚ್ಚಿಕೊಂಡಿತು. ಈಗ ಗ್ಲಿಸರಿನ್ ತಂದಿಟ್ಟಿದ್ದೇನೆ. ಮಳೆ ನಿಂತ ಮೇಲೆ ಇನ್ನೊಂದು ಸಲ ಹತ್ತುತ್ತೇವೆ.