ಹಳ್ಳ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆ?

ದೊಡ್ಡ ನದಿಗಳಿಗೆ ಅಳತೆ ಕೇಂದ್ರಗಳಿರುತ್ತವೆ, ನೆರೆಯ ದಾಖಲೆಗಳಿರುತ್ತವೆ. ವರ್ಷದ ಬಹುಪಾಲು ಮೊಣಕಾಲುದ್ದ ನೀರು ಹರಿಯುವ ಹಳ್ಳಕ್ಕೆ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಒಂದೆರಡು ತಾಸು ಮಳೆ ಹೊಯ್ದರೆ ಹಿತ್ತಲಿಗೆ ನುಗ್ಗುವುದು ಮಾತ್ರ ಇದೇ ಹಳ್ಳ. ಅದರ ನೆರೆ ನಕ್ಷೆ ತಯಾರಿಸುವ ಕ್ರಮ ಹೀಗಿದೆ.

ಮೊದಲು ಹಳ್ಳದುದ್ದಕ್ಕೂ ನಡೆಯಿರಿ

ಕಂಪ್ಯೂಟರ್ ತೆರೆಯುವುದು ಆಮೇಲೆ. ಹಳ್ಳ ತಿರುಗುವಲ್ಲಿ, ಅಗಲ ಬದಲಾಗುವಲ್ಲಿ, ಪ್ರತಿ ಮೋರಿಯ ಹಿಂದೆ ಮತ್ತು ಮುಂದೆ ಹರಿವಿಗೆ ಅಡ್ಡಲಾಗಿ ನೆಲದ ಮಟ್ಟ ಅಳೆಯಬೇಕು. ಇದೇ ಅಡ್ಡಕೊಯ್ತ. ನೀರು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈಗೆ ಬರುವುದು ಎಡದಂಡೆ. ಅಳತೆ ಅಲ್ಲಿಂದ ಶುರು. ದಂಡೆಯ ಅಂಚಿಗೇ ನಿಲ್ಲಿಸಬೇಡಿ, ನೀರು ಏರಲಾರದಷ್ಟು ಎತ್ತರದ ನೆಲ ಸಿಗುವವರೆಗೂ ಹೋಗಿ.

ಉಚಿತವಾಗಿ ಸಿಗುವ ಉಪಗ್ರಹ ದತ್ತಾಂಶವನ್ನು ನೆಚ್ಚಿಕೊಳ್ಳುವವರಿದ್ದಾರೆ. 30 ಮೀಟರ್ ಚೌಕಕ್ಕೆ ಒಂದೇ ಎತ್ತರ ಕೊಡುವ ದತ್ತಾಂಶದಲ್ಲಿ 4 ಮೀಟರ್ ಅಗಲದ ಹಳ್ಳ ಕಾಣುವುದೇ ಇಲ್ಲ. ವಿಮಾನ ಅಥವಾ ಡ್ರೋನಿನಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆಯುವ ಲೈಡಾರ್ ಎಷ್ಟೋ ವಾಸಿ. ಆದರೆ ಮಾಮೂಲಿ ಲೈಡಾರ್ ನೀರಿನಡಿಯ ತಳವನ್ನು ನೋಡಲಾರದು, ಮೋರಿಯ ಮೇಲಿನ ರಸ್ತೆಯನ್ನು ಒಡ್ಡು ಎಂದೇ ತೋರಿಸುತ್ತದೆ.

ಎಷ್ಟು ನೀರು ಬರಬಹುದು?

ಜಲಾನಯನ ಪ್ರದೇಶ ಸುಮಾರು 80 ಹೆಕ್ಟೇರಿನೊಳಗಿದ್ದರೆ ರ‍್ಯಾಷನಲ್ ವಿಧಾನ ಸಾಕು: ಬಿದ್ದ ಮಳೆಯಲ್ಲಿ ಹಳ್ಳಕ್ಕೆ ಹರಿದು ಬರುವ ಪಾಲು, ತಾಸಿಗೆ ಬೀಳುವ ಮಳೆಯ ಮಿಲಿಮೀಟರ್, ಚದರ ಕಿಲೋಮೀಟರಿನಲ್ಲಿ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ 3.6ರಿಂದ ಭಾಗಿಸಿ. ಪಾಲು 0.4, ಮಳೆ 90, ವಿಸ್ತೀರ್ಣ 0.8 ಆದರೆ ಸೆಕೆಂಡಿಗೆ 8 ಘನ ಮೀಟರ್. ಇದಕ್ಕಿಂತ ದೊಡ್ಡ ಪ್ರದೇಶಕ್ಕೆ ಯೂನಿಟ್ ಹೈಡ್ರೋಗ್ರಾಫ್ ಬೇಕು, ಅಂದರೆ ಇಂತಿಷ್ಟು ಮಳೆಗೆ ಹರಿವು ಹೊತ್ತು ಕಳೆದಂತೆ ಹೇಗೆ ಏರಿ ಇಳಿಯುತ್ತದೆ ಎಂದು ತೋರಿಸುವ ರೇಖೆ.

ಯಾವ ಮಳೆ ಹಿಡಿಯಬೇಕು? ರೂಢಿಯಲ್ಲಿರುವುದು ‘ನೂರು ವರ್ಷದ ನೆರೆ’. ದಾರಿ ತಪ್ಪಿಸುವ ಹೆಸರು! ನೂರು ವರ್ಷಕ್ಕೊಮ್ಮೆ ಸರದಿಯಂತೆ ಬರುತ್ತದೆ ಎಂದಲ್ಲ. ಯಾವುದೇ ವರ್ಷ ಬರುವ ಸಾಧ್ಯತೆ ಶೇ 1 ಎಂದಷ್ಟೇ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26.

ಪೊದೆಯ ಲೆಕ್ಕ

ನೀರಿನ ಆಳ ಹೇಳುವುದು ಮ್ಯಾನಿಂಗ್ ಸೂತ್ರ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ್ದು ಇಂದಿಗೂ ಕೆಲಸಕ್ಕೆ ಬರುತ್ತಿದೆ. ಇಳಿಜಾರು, ಅಡ್ಡಕೊಯ್ತದ ಆಕಾರ ಎರಡನ್ನೂ ಅಳೆಯಬಹುದು. ಮೂರನೆಯದಾದ ಒರಟುತನವನ್ನು ಕಣ್ಣಳತೆಯಲ್ಲೇ ಅಂದಾಜಿಸಬೇಕು, ಪಟ್ಟು ಇರುವುದೂ ಅಲ್ಲೇ.

4 ಮೀಟರ್ ಅಗಲದ, ನೆಟ್ಟಗಿನ ದಂಡೆಗಳ ಹಳ್ಳ. 500 ಮೀಟರಿಗೆ 1 ಮೀಟರ್ ಇಳಿಜಾರು ಎಂದಿಟ್ಟುಕೊಳ್ಳಿ. ತಳ ಚೊಕ್ಕಟವಾಗಿದ್ದರೆ ಒರಟುತನ 0.03. ಆಗ ಮೇಲಿನ 8 ಘನ ಮೀಟರ್ ನೀರು ಒಂದೂವರೆ ಮೀಟರ್ ಆಳದಲ್ಲಿ ಹರಿದು ಹೋಗುತ್ತದೆ. ಅದೇ ಹಳ್ಳದಲ್ಲಿ ಪೊದೆ, ಜೊಂಡು ಬೆಳೆದು ಒರಟುತನ 0.06 ಆಯಿತೆನ್ನಿ. ಅಷ್ಟೇ ನೀರಿಗೆ ಈಗ ಎರಡೂವರೆ ಮೀಟರ್ ಆಳ ಬೇಕು. ಮಳೆ ಒಂದು ಹನಿಯೂ ಹೆಚ್ಚಿಲ್ಲ, ಮಟ್ಟ ಮಾತ್ರ ಒಂದು ಮೀಟರ್ ಏರಿತು. ಅದಕ್ಕೇ ಪ್ರತಿ ಅಡ್ಡಕೊಯ್ತದಲ್ಲೂ ಫೋಟೊ ತೆಗೆದಿಡಿ, ಅದೂ ಮಳೆಗಾಲದಲ್ಲಿ, ಗಿಡಗಂಟಿ ತುಂಬಿರುವಾಗ.

ಕೆಳಗಿನಿಂದ ಮೇಲಕ್ಕೆ

ಮ್ಯಾನಿಂಗ್ ಲೆಕ್ಕ ಒಂದು ಜಾಗದ್ದು. ಕೆಳಗೊಂದು ಕಿರಿದಾದ ಮೋರಿಯಿದ್ದರೆ ನೀರು ಕಟ್ಟಿಕೊಂಡು ಹಿಂದಕ್ಕೆ ಏರುತ್ತದೆ. ಆದ್ದರಿಂದ ನಿಧಾನ ಹರಿವಿನ ಹಳ್ಳದಲ್ಲಿ ಕೆಳಗಿನ ಅಡ್ಡಕೊಯ್ತದಿಂದ ಶುರುಮಾಡಿ, ಶಕ್ತಿಯ ಸಮತೋಲ ನೋಡುತ್ತಾ, ಒಂದೊಂದೇ ಮೆಟ್ಟಿಲು ಮೇಲಕ್ಕೆ ಲೆಕ್ಕ ಹಾಕಬೇಕು. ಅಮೆರಿಕದ ಸೇನಾ ಎಂಜಿನಿಯರುಗಳ ದಳ ಉಚಿತವಾಗಿ ಕೊಡುವ ಹೆಕ್-ರಾಸ್ ತಂತ್ರಾಂಶ ಇದನ್ನು ಕ್ಷಣದಲ್ಲಿ ಮಾಡುತ್ತದೆ. ತಪ್ಪು ಅಂಕಿ ಕೊಟ್ಟರೂ ಅಷ್ಟೇ ಚೆಂದದ ನಕ್ಷೆ ಬಿಡಿಸುತ್ತದೆ ಎಂಬುದು ನೆನಪಿರಲಿ. ಮೋರಿಯನ್ನು ಒಮ್ಮೆ ಪೂರ್ತಿ ತೆರೆದು, ಇನ್ನೊಮ್ಮೆ ಅರ್ಧ ಕಸ ಕಟ್ಟಿದಂತೆ ಇಟ್ಟು, ಎರಡು ಸಲ ಲೆಕ್ಕ ಹಾಕಿಸಿ.

ನೀರು ಹಳ್ಳದ ಜಾಡಿನಲ್ಲೇ ಸಾಗುವುದಾದರೆ ಏಕ ಆಯಾಮದ ಈ ಲೆಕ್ಕ ಸಾಕು. ದಂಡೆ ಮೀರಿ ಬೀದಿಗಳಲ್ಲಿ ಕವಲೊಡೆಯುವ ಬಯಲಿದ್ದರೆ ಎರಡು ಆಯಾಮದ ಮಾದರಿಯೇ ಬೇಕು. ಹೆಕ್-ರಾಸ್‌ನಲ್ಲಿ 2016ರ 5.0 ಆವೃತ್ತಿಯಿಂದ ಅದೂ ಇದೆ.

ಗೋಡೆಯ ಕಲೆಯೊಂದಿಗೆ ತಾಳೆ

ಹಿಂದಿನ ನೆರೆ ಗೋಡೆಯ ಮೇಲೆ ಬಿಟ್ಟ ಕೆಸರಿನ ಗೆರೆ, ಬೇಲಿಗೆ ಸಿಕ್ಕಿಕೊಂಡ ಕಸ, ಹಳಬರು ಬೆರಳಿಟ್ಟು ತೋರಿಸುವ ಮೆಟ್ಟಿಲು, ಇವೆಲ್ಲದರ ಎತ್ತರ ಅಳೆದುಕೊಳ್ಳಿ. ಆ ದಿನದ ಮಳೆಯನ್ನು ಮಾದರಿಗೆ ಕೊಟ್ಟಾಗ ನೀರು ಅದೇ ಮಟ್ಟಕ್ಕೆ ಬರುತ್ತದೆಯೇ ನೋಡಿ. ಬರದಿದ್ದರೆ ಒರಟುತನದ ಅಂಕಿಯನ್ನು ಸುಮ್ಮನೆ ತಿರುಚುವ ಮೊದಲು ಮೋರಿಯ ಅಳತೆಯನ್ನು ಮತ್ತೊಮ್ಮೆ ಪರಿಶೀಲಿಸಿ.

ತಾಳೆಯಾದ ಮೇಲೆ ಪ್ರತಿ ಅಡ್ಡಕೊಯ್ತದ ನೀರಿನ ಮಟ್ಟದಿಂದ ನೆಲದ ಮಟ್ಟ ಕಳೆದರೆ ಆಳ ಸಿಗುತ್ತದೆ. ಅದನ್ನು ಬಣ್ಣಗಳಲ್ಲಿ ತೋರಿಸಿ, ವೇಗವನ್ನೂ ಗುರುತಿಸಿ: ಮೊಣಕಾಲುದ್ದದ ನೀರೂ ರಭಸವಾಗಿದ್ದರೆ ಮನುಷ್ಯನನ್ನು ಕೆಡವುತ್ತದೆ. ಮೋರಿ ಕಟ್ಟಿಕೊಂಡಾಗಿನ ಅಂಚನ್ನು ಅದೇ ನಕ್ಷೆಯ ಮೇಲೆ ಚುಕ್ಕೆ ಗೆರೆಯಲ್ಲಿ ಎಳೆಯಿರಿ.