ಪೀರ್ ರಿವ್ಯೂ ಕಲಿಸಲು ಒಂದು ಸುಲಭ ದಾರಿ

ಕಲಬುರಗಿ, ಕಡಗಂಚಿ ಕಡೆ ಪಿಎಚ್‌ಡಿ ಮಾಡಿಸುತ್ತಿರುವ ಗೈಡ್‌ಗಳೇ, ಹುಡುಗರಿಗೆ ಪೀರ್ ರಿವ್ಯೂ, ಅಂದರೆ ಸಂಶೋಧನಾ ಲೇಖನವನ್ನು ಅದೇ ವಿಷಯದ ಬೇರೆ ತಜ್ಞರು ಓದಿ ವಿಮರ್ಶಿಸೋದು, ಕಲಿಸಬೇಕಿದ್ದರೆ ಎಫ್1000ರಿಸರ್ಚ್ ಅನ್ನೋ ಆನ್‌ಲೈನ್ ಜರ್ನಲ್‌ನಲ್ಲಿ ಅವರ ವಿಷಯದ ಲೇಖನವೊಂದನ್ನು ಹುಡುಕಿ. ಮೊದಲ ಆವೃತ್ತಿ ಮಾತ್ರ ಓದಿಸಿ, ವಿಮರ್ಶೆ ಬರೆಸಿ. ಆಮೇಲೆ ವಿಮರ್ಶಕರ ನಿಜವಾದ ವರದಿ ಪಕ್ಕದಲ್ಲಿಟ್ಟು ತಾಳೆ ನೋಡಲಿ. ಅಲ್ಲಿ ವಿಮರ್ಶಕರ ಹೆಸರು, ವರದಿ, ತಿದ್ದಿದ್ದರೆ ಹೊಸ ಆವೃತ್ತಿ, ಎಲ್ಲವೂ ಯಾರು ಬೇಕಾದರೂ ಓದುವಂತೆ ಇರುತ್ತವೆ. ಹಾಗಾಗಿ ತಾವು ಏನು ಬಿಟ್ಟೆವು ಅನ್ನೋದು ಹುಡುಗರಿಗೇ ಕಾಣುತ್ತದೆ, ನಾವು ಬೈಯಬೇಕಿಲ್ಲ. ತೊಗರಿಯ ಸೊರಗು ರೋಗದ ಲೇಖನ ಅಂದುಕೊಳ್ಳಿ. ಹೊಸಬರು ‘ಪ್ರಯೋಗ ಸರಿಯಾಗಿಲ್ಲ’ ಅಂತ ಬರೆದು ಮುಗಿಸುತ್ತಾರೆ. ಪಳಗಿದವರು ‘ಯಾವ ತಾಕಿಗೆ ಯಾವ ಔಷಧ ಅಂತ ಹೇಗೆ ಆರಿಸಿದಿರಿ? ರೋಗದ ಗಿಡ ಎಣಿಸಿದವರಿಗೆ ಅದು ಮೊದಲೇ ಗೊತ್ತಿತ್ತಾ?’ ಅಂತ ಕೇಳುತ್ತಾರೆ. ಲೇಖಕರಿಗೆ ಉಪಯೋಗಕ್ಕೆ ಬರೋದು ಈ ಎರಡನೆಯದು ಅಲ್ವಾ? ಒಂದು ಎಚ್ಚರ: ಪಿಡಿಎಫ್‌ನ ಮೊದಲ ಪುಟದಲ್ಲೇ ವಿಮರ್ಶಕರು ಒಪ್ಪಿದರೋ ಇಲ್ಲವೋ ಅಂತ ತೋರಿಸುವ ಟಿಕ್‌ನಂಥ ಗುರುತುಗಳಿರುತ್ತವೆ, ಕೊನೆಯ ಪುಟಗಳಲ್ಲಿ ಪೂರ್ತಿ ವರದಿ. ಅವನ್ನು ತೆಗೆದೇ ಕೊಡಿ, ಇಲ್ಲದಿದ್ದರೆ ಸುಮ್ನೆ ಕಾಪಿ ಆಗುತ್ತದೆ. ವಚನ, ಶಾಸನ, ಸ್ಥಳೀಯ ಇತಿಹಾಸದವರಿಗೆ ಇದು ಅಷ್ಟು ಕೈಗೆ ಹತ್ತಲ್ಲ, ಅಂಥ ಲೇಖನ ಅಲ್ಲಿ ಸಿಗೋದು ಕಷ್ಟ. ಅವರಿಗೆ ವಿಭಾಗದ ಹಿರಿಯರೊಬ್ಬರ ಕರಡನ್ನು ಕೇಳಿ ಪಡೆದು ಕೊಡಿ. ಆದರೆ ಜರ್ನಲ್‌ನವರು ನಿಮಗೆ ವಿಮರ್ಶೆಗೆ ಕಳಿಸಿದ ಲೇಖನವನ್ನು ಸಂಪಾದಕರ ಒಪ್ಪಿಗೆ ಇಲ್ಲದೆ ಅಭ್ಯಾಸಕ್ಕೆ ಕೊಡಲೇಬೇಡಿ, ಅದು ಗೌಪ್ಯ. ಇನ್ನು, ಪ್ರಕಟವಾದ ವರದಿಗಳೂ ಕೆಲವು ತೀರಾ ತೆಳು ಇರುತ್ತವೆ. ಕನಿಷ್ಠ ಎರಡು ವಿವರವಾದ ವರದಿ ಇರುವ ಲೇಖನವನ್ನೇ ಆರಿಸಿಕೊಳ್ಳಿ.